ಜೇಬಿನಲ್ಲೊಂದು ತೆಳ್ಳನೆ ಮಡಚು ಚಾಕು: ನೀವು ದಿನಾ ಏನೇನು ಕತ್ತರಿಸುತ್ತೀರಿ?

ಹನುಮಂತನಗರದವ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯೋದಕ್ಕೆ ಕಾರಣ ಒಂದು ಸೀಬೆಹಣ್ಣು.

ಸಾಯಂಕಾಲ ಆಫೀಸಿನಲ್ಲಿ ಒಬ್ಬರು ಸೀಬೆಹಣ್ಣು ತಂದರು, ಕತ್ತರಿಸೋಕೆ ಏನೂ ಇರಲಿಲ್ಲ. ಒಬ್ಬರು ಸ್ಟೀಲ್ ಸ್ಕೇಲ್ ಹುಡುಕಿದರು. ಇನ್ನೊಬ್ಬರು ಕುತ್ತಿಗೆಯಲ್ಲಿದ್ದ ಐಡಿ ಕಾರ್ಡ್ ತೆಗೆದರು (ಸುಳ್ಳಲ್ಲ). ನಾನು ಜೇಬಿನಿಂದ ನನ್ನ ಚಾಕು ತೆಗೆದು ಆರು ಹೋಳು ಮಾಡಿ ಟಿಶ್ಯೂ ಮೇಲಿಟ್ಟೆ. ಯಾರೂ ಬೆಚ್ಚಿಬೀಳಲಿಲ್ಲ. "ಚೆನ್ನಾಗಿದೆ ಕಣ್ರೀ, ಎಲ್ಲಿ ತಗೊಂಡ್ರಿ?" ಅಂದರು, ಅಷ್ಟೇ.

ನಿಮಗೆ ಇದು ಸಣ್ಣ ವಿಷಯ ಅನಿಸಬಹುದು. ಎರಡು ವರ್ಷದ ಹಿಂದೆ ಇದೇ ಆಫೀಸಿನಲ್ಲಿ ನನ್ನ ಹಳೇ ಚಾಕು ತೆಗೆದಿದ್ದೆ. ಕಪ್ಪು ಬಣ್ಣ, ಅರ್ಧ ಅಲಗಿಗೆ ಗರಗಸದ ಹಲ್ಲು, ಹೆಬ್ಬೆರಳಲ್ಲಿ ತಳ್ಳಿದರೆ 'ಟಕ್' ಅಂತ ತೆರೆದುಕೊಳ್ಳುತ್ತಿತ್ತು. ವಿಡಿಯೋ ನೋಡಿ ನೋಡಿ ಆಸೆಪಟ್ಟು ತೆಗೆದುಕೊಂಡಿದ್ದು. ಆ 'ಟಕ್' ಶಬ್ದಕ್ಕೆ ಇಡೀ ಸಾಲು ತಿರುಗಿ ನೋಡಿತು, ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಪಕ್ಕಕ್ಕೆ ಕರೆದು "ಮನೇಲೇ ಇಟ್ಟುಬನ್ನಿ" ಅಂದರು. ಅದು ಹೋಗಲಿ. ಅವತ್ತು ನಾನು ಕತ್ತರಿಸೋಕೆ ಹೋಗಿದ್ದು ಒಂದು ಸೇಬು, ಅದೂ ಸರಿಯಾಗಿ ಆಗಲಿಲ್ಲ. ಅಲಗು ಅರ್ಧ ಇಳಿಯುವಷ್ಟರಲ್ಲಿ ಸೇಬು 'ಚರಕ್' ಅಂತ ತಾನೇ ಎರಡಾಗಿ ಮೇಜಿನ ಕೆಳಗೆ ಉರುಳಿತು.

ಆಮೇಲೆ ಗೊತ್ತಾಯಿತು. ಆ ಅಲಗಿನ ಬೆನ್ನು (ಹರಿತ ಇಲ್ಲದ ಅಂಚು) 4 ಮಿಲಿಮೀಟರ್ ದಪ್ಪ. ಬಾಯಿ ಎಷ್ಟೇ ಹರಿತ ಇರಲಿ, ಹಿಂದೆ ಅಷ್ಟು ದಪ್ಪ ಲೋಹ ಬರುತ್ತಿದ್ದರೆ ಅದು ಕೊಯ್ಯೋದಿಲ್ಲ, ಸೌದೆ ಒಡೆಯುವ ಹಾಗೆ ಸೀಳುತ್ತದೆ. ಈಗಿರೋದು ಫ್ರಾನ್ಸಿನ ಒಪಿನೆಲ್ ಕಂಪನಿಯ ತೆಳು ಮಾದರಿ, 8ನೇ ನಂಬರ್ ಅಳತೆ. ಬೆನ್ನು 2 ಮಿಲಿಮೀಟರ್‌ಗಿಂತ ಕಮ್ಮಿ. ಹಿಡಿ ಮರದ್ದು, ಬೆರಳಿನಷ್ಟೇ ಸಣ್ಣ. ಪ್ಯಾಂಟ್ ಜೇಬಿನಲ್ಲಿ ಪೆನ್ ಇಟ್ಟ ಹಾಗಿರುತ್ತದೆ. ಆರು ತಿಂಗಳಲ್ಲಿ ಇದನ್ನು ಮನೆಯಲ್ಲಿ ಬಿಟ್ಟುಹೋಗಿದ್ದು ಮೆಟ್ರೋ ಹತ್ತುವ ದಿನ ಮಾತ್ರ.

ಏನು ಕತ್ತರಿಸುತ್ತೇನೆ ಅಂತೀರಾ? ಹೇಳಿದರೆ ನಗುತ್ತೀರಿ. ಹೂವಿನ ಪೊಟ್ಟಣದ ದಾರ. ಹಾಲಿನ ಪ್ಯಾಕೆಟ್ಟಿನ ಮೂಲೆ (ಪೂರ್ತಿ ಕತ್ತರಿಸಬೇಡಿ, ಸಣ್ಣ ಸೀಳು ಮಾಡಿ, ಆ ಚೂರು ಪ್ಲಾಸ್ಟಿಕ್ ಮೋರಿಗೆ ಹೋಗುತ್ತದೆ). ಹೊಸ ಶರ್ಟಿನ ಲೇಬಲ್. ಮಗಳ ಪೆನ್ಸಿಲ್, ಮೆಂಡರ್ ಕಳೆದುಹೋದಾಗ. ಬಾಲ್ಕನಿಯ ತುಳಸಿಯ ಒಣಗಿದ ಕದಿರು. ಇದರಲ್ಲಿ ಒಂದಕ್ಕೂ ದಪ್ಪ ಚಾಕು ಬೇಡ. ದಿನಾ ಇಂಥದ್ದೇ ಕೆಲಸ ಇರುವಾಗ ಅಂಗಡಿಗಳಲ್ಲಿ ಯಾಕೆ ಯುದ್ಧಕ್ಕೆ ಹೊರಟವರ ಚಾಕುಗಳೇ ಜಾಸ್ತಿ ಅನ್ನೋದು ನನಗೆ ಅರ್ಥವಾಗೋದಿಲ್ಲ.

ಇಲ್ಲಿ ಯಾರಾದರೂ ಇಂಥ ಹಳೇ ಕಾಲದ ತೆಳು ಚಾಕು ಬಳಸುತ್ತೀರಾ? ಯಾವುದು, ಯಾವ ಕೆಲಸಕ್ಕೆ, ಹೇಗೆ ಸಾಣೆ ಹಿಡಿಯುತ್ತೀರಿ, ಬರೆಯಿರಿ.

ಕಟ್ಟರ್ ಪಕ್ಷ

ಗುರು, ಬೇಜಾರಾಗಬೇಡ. ಸ್ಟೇಷನರಿ ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಕಟ್ಟರ್ ಸಿಗುತ್ತದೆ. ಮೊಂಡಾದರೆ ತುದಿ ಮುರಿದರೆ ಆಯ್ತು, ಹೊಸ ಬಾಯಿ. ಸಾಣೆ ಬೇಡ, ಎಣ್ಣೆ ಬೇಡ. ಜಪಾನಿನ ಓಲ್ಫಾ ಕಂಪನಿ ಕಟ್ಟಿದವರು 1956ರಲ್ಲಿ ಚಾಕೊಲೇಟ್ ಬಾರ್ ಮುರಿಯೋದು ನೋಡಿ ಈ ಉಪಾಯ ಮಾಡಿದರಂತೆ. ಅದಕ್ಕಿಂತ ಜಾಣ ಚಾಕು ಇನ್ನೊಂದಿಲ್ಲ. ಫ್ರಾನ್ಸಿನಿಂದ ಮರದ ಹಿಡಿ ತರಿಸಿ ಹಾಲಿನ ಪ್ಯಾಕೆಟ್ ಕತ್ತರಿಸೋದು ಶೋಕಿ ಅಷ್ಟೇ.

ಹನುಮಂತನಗರದವ

ಶೋಕಿ ಇದೆ, ಇಲ್ಲ ಅನ್ನಲ್ಲ. ಕೊರಿಯರ್ ಡಬ್ಬಕ್ಕೆ ಕಟ್ಟರ್ರೇ ಸರಿ, ಒಪ್ಪಿದೆ. ಟೇಪಿನ ಅಂಟು ಒಳ್ಳೆ ಚಾಕುವಿಗೆ ಮೆತ್ತಿಕೊಂಡರೆ ಸೀಮೆಎಣ್ಣೆಯಲ್ಲೋ ಸ್ಯಾನಿಟೈಸರ್‌ನಲ್ಲೋ ಒರೆಸುತ್ತಾ ಕೂರಬೇಕು. ಆದರೆ ಅದೇ ಕಟ್ಟರ್‌ನಲ್ಲಿ ಸೀಬೆಹಣ್ಣು ಕೊಯ್ದು ತೋರಿಸಿ. ಅಲಗು ಅಲ್ಲಾಡುತ್ತದೆ, ರಸ ಸಂದಿಗೆ ಇಳಿಯುತ್ತದೆ, ತುಕ್ಕು ತಡೆಯೋಕೆ ಹಚ್ಚಿದ ಎಣ್ಣೆ ಹಣ್ಣಿಗೆ ಬರುತ್ತದೆ. ತಿನ್ನೋ ವಸ್ತುವಿಗೆ ಅದು ಬೇಡವೇ ಬೇಡ.

ಎಂಟನೇ ಕ್ರಾಸ್

ನಾನು ಮಲ್ಲೇಶ್ವರದವಳು. ನಮ್ಮ ಮನೆಯಲ್ಲಿ ಚಾಕುವಿಗೆ ಪರೀಕ್ಷೆ ಅಂದರೆ ಸಂಕ್ರಾಂತಿ. ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚಬೇಕಲ್ಲ, ಅದೂ ನಮ್ಮತ್ತೆ ಲೆಕ್ಕದಲ್ಲಿ: ಒಂದೊಂದು ಚೂರೂ ಕಡಲೆಬೀಜಕ್ಕಿಂತ ದೊಡ್ಡದಿರಬಾರದು, ಸಿಪ್ಪೆಯ ಕಂದು ಬಣ್ಣ ಕಾಣಬಾರದು. ಎರಡು ಕೆಜಿ ಕೊಬ್ಬರಿ ಗಿಟಕು. ಅಡುಗೆಮನೆಯ ದೊಡ್ಡ ಚಾಕುವಿನಲ್ಲಿ ಒಂದು ಗಂಟೆ ಕೂತರೆ ಹೆಬ್ಬೆರಳ ಬುಡದಲ್ಲಿ ಬೊಬ್ಬೆ.

ಮೂರು ವರ್ಷದ ಹಿಂದೆ ನನ್ನ ತಮ್ಮ ಒಂದು ಚಿಕ್ಕ ಸ್ವಿಸ್ ಚಾಕು ಕೊಟ್ಟಿದ್ದ, ವಿಕ್ಟೋರಿನಾಕ್ಸ್, ಮಡಚಿದರೆ 84 ಮಿಲಿಮೀಟರ್, ಅಲ್ಯೂಮಿನಿಯಂ ಹಿಡಿಯದ್ದು. ಡ್ರಾಯರ್‌ನಲ್ಲಿ ಬಿದ್ದಿತ್ತು. ಆ ಸಲ ಸುಮ್ನೆ ಅದನ್ನು ತೆಗೆದುಕೊಂಡು ಕೂತೆ. ಕೊಬ್ಬರಿಯೊಳಗೆ ಅದು ಹೋಗುವ ಬಗೆಯೇ ಬೇರೆ. ಸಿಪ್ಪೆ ಹೆರೆಯೋಕೆ ಅಲಗು ತೆಳ್ಳಗಿದ್ದಷ್ಟೂ ಚೆನ್ನ, ಕಾಗದದ ಹಾಗೆ ಸುರುಳಿ ಸುರುಳಿ ಬಂತು. ಅತ್ತೆ ಏನೂ ಮಾತಾಡದೆ ತಮ್ಮ ಚಾಕು ಪಕ್ಕಕ್ಕಿಟ್ಟು ನನ್ನದನ್ನು ಕೇಳಿದರು. ಅದಾದಮೇಲೆ ಪ್ರತಿ ಜನವರಿಯಲ್ಲೂ ಅದು ಅವರದ್ದೇ.

ಬೆಲ್ಲಕ್ಕೆ ಮಾತ್ರ ಬೇಡ. ಅಚ್ಚು ಬೆಲ್ಲದೊಳಗೆ ಮೊನೆ ಚುಚ್ಚಿ ತಿರುಚಿದರೆ ಮುರಿಯುತ್ತದೆ, ನನ್ನದರ ಮೊನೆ ಒಂದು ಅಕ್ಕಿಕಾಳಿನಷ್ಟು ಹೋಗಿದ್ದು ಹಾಗೇ. ಬೆಲ್ಲಕ್ಕೆ ಅಡಕತ್ತರಿ. ನಮ್ಮಜ್ಜಿ ಕಾಲದಿಂದ ಅದೇ, ಅದೇ ಸರಿ.

ಮೂರು ಹೊಲಿಗೆ

ಮೇಡಂ ಹೇಳಿದ ಜಾತಿಯ ಚಾಕುವಿನಲ್ಲೇ ನನ್ನ ತೋರುಬೆರಳು ಹೋಗಿದ್ದು. ಬೆಲ್ಟಿಗೆ ಇನ್ನೊಂದು ತೂತು ಬೇಕಿತ್ತು. ಹೊಟ್ಟೆ ಕರಗಿದ ಖುಷಿ. ಮೊನೆ ಇಟ್ಟು ಬಲವಾಗಿ ಒತ್ತಿದೆ, ಅಲಗು ಹಿಂದಕ್ಕೆ ಮಡಚಿಕೊಂಡು ಬೆರಳ ಮೇಲೆ ಕೂತಿತು. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ತಪ್ಪು ನನ್ನದೇ. ಹಳೇ ಮಾದರಿಯಲ್ಲಿ ಲಾಕ್ ಇರೋದಿಲ್ಲ, ಬೆನ್ನಿನ ಸ್ಪ್ರಿಂಗ್ ಬಿಗಿಗೆ ಮಾತ್ರ ನಿಂತಿರುತ್ತದೆ. ಎಳೆದು ಕೊಯ್ದರೆ ಎಷ್ಟು ಬೇಕಾದರೂ ಕೊಯ್ಯಬಹುದು. ಚುಚ್ಚಿದರೆ ಮುಗೀತು.

ಹನುಮಂತನಗರದವ

ಅಬ್ಬಾ. ಈಗ ಬೆರಳು ಹೇಗಿದೆ?

ನೀವು ಹೇಳಿದ್ದು ಮುಖ್ಯವಾದ ಮಾತು. ಒಪಿನೆಲ್‌ನವರಿಗೂ ಇದು ಹೊಳೆಯೋಕೆ ತುಂಬಾ ವರ್ಷ ಹಿಡಿಯಿತು. ಜೋಸೆಫ್ ಒಪಿನೆಲ್ ಫ್ರಾನ್ಸಿನ ಸವಾಯ್ ಬೆಟ್ಟದ ಕಡೆ ಈ ಚಾಕು ಮಾಡಿದ್ದು 1890ರಲ್ಲಿ, ಅಲಗು ಮಡಚಿಕೊಳ್ಳದ ಹಾಗೆ ಲಾಕ್ ಮಾಡುವ ತಿರುಗುವ ಬಳೆ ಅದರ ಬುಡಕ್ಕೆ ಬಂದಿದ್ದು 1955ರಲ್ಲಿ. ನಡುವೆ 65 ವರ್ಷ ರೈತರೆಲ್ಲ ಬಳೆ ಇಲ್ಲದ್ದರಲ್ಲೇ ಬ್ರೆಡ್ಡು, ಚೀಸು ಕತ್ತರಿಸಿಕೊಂಡಿದ್ದರು. ಜಪಾನಿನ ಹಿಗೊನೊಕಾಮಿ ಅನ್ನೋ ಮಡಚು ಚಾಕುವಿನಲ್ಲಿ ಲಾಕೂ ಇಲ್ಲ, ಸ್ಪ್ರಿಂಗೂ ಇಲ್ಲ, ಅಲಗಿನ ಬಾಲ ಹಿಂದಕ್ಕೆ ಚಾಚಿರುತ್ತದೆ, ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ನಾನು ಬಳೆ ಇರೋದೇ ತೆಗೆದುಕೊಂಡೆ, ನನ್ನ ಕೈ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಕಪ್ಪು ಕೋಟು

ಕೆಲವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆಯುಧ ನಿಯಮಗಳ ಪಟ್ಟಿಗೆ ಬರೋದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು. ಅದರಲ್ಲೂ ಮನೆ, ಬೇಸಾಯ, ವಿಜ್ಞಾನ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದವನ್ನು ಹೊರಗಿಟ್ಟಿದ್ದಾರೆ. ಇವರ ಸುಮಾರು ಮೂರು ಇಂಚಿನ ಹಣ್ಣಿನ ಚಾಕು ಅದರ ಹತ್ತಿರಕ್ಕೂ ಬರೋದಿಲ್ಲ.

ಹಾಗಂತ ಎಲ್ಲಾ ಕಡೆ ಒಯ್ಯಬಹುದು ಅಂತಲ್ಲ. ಮೆಟ್ರೋ, ಮಾಲ್, ಕೋರ್ಟು, ವಿಮಾನದ ಕ್ಯಾಬಿನ್, ಇಲ್ಲೆಲ್ಲ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅಲ್ಲಿ ನಿಂತು ಇಂಚಿನ ಲೆಕ್ಕ ವಾದ ಮಾಡಬೇಡಿ. ಇನ್ನೊಂದು, ಜಗಳದ ಜಾಗದಲ್ಲಿ ಜೇಬಿನಿಂದ ಚಾಕು ಸಿಕ್ಕಿದರೆ ಅದು ಹಣ್ಣಿನ ಚಾಕು ಅಂತ ಯಾರೂ ನಂಬೋದಿಲ್ಲ.

ಸಾಣೆ ಪುರಾಣ

ಸಾಣೆ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ, ಉದ್ದ ಆಗುತ್ತದೆ, ಓದೋರು ಓದಿ.

ಮೊದಲನೆಯದು, ತೆಳು ಚಾಕುವನ್ನು ಕರೆಂಟಿನ ಚಕ್ರಕ್ಕೆ ಕೊಡಬೇಡಿ. ನಮ್ಮ ಜಯನಗರದ ಕಡೆ ಸೈಕಲ್ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಬರುವವರು ಇನ್ನೂ ಇದ್ದಾರೆ, ಪೆಡಲ್ ತುಳಿದು ತಿರುಗಿಸುತ್ತಾರೆ. ಈಳಿಗೆಮಣೆ, ಕತ್ತರಿ, ತರಕಾರಿ ಚಾಕು ಎಲ್ಲಾ ಅವರಿಗೇ ಕೊಡುತ್ತೇನೆ, ಒಳ್ಳೆ ಕೈ. ಆದರೆ ಒಂದು ಸಲ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಕರೆಂಟಿನ ಚಕ್ರಕ್ಕೆ ನನ್ನ ಮಡಚು ಚಾಕು ಕೊಟ್ಟೆ. ಕಿಡಿ ಹಾರಿತು, ಹತ್ತು ಸೆಕೆಂಡಿನಲ್ಲಿ ಬಾಯಿಯ ಉದ್ದಕ್ಕೂ ನೀಲಿ ಬಣ್ಣ. ನೀಲಿ ಬಂತು ಅಂದರೆ ಅಲ್ಲಿ 300 ಡಿಗ್ರಿ ಹತ್ತಿರ ಬಿಸಿ ಹತ್ತಿದೆ ಅಂತ. ಕಾರ್ಬನ್ ಸ್ಟೀಲಿನ ಹದ ಅಲ್ಲಿಗೆ ಹೋಯಿತು. ದಪ್ಪ ಮಚ್ಚಾದರೆ ಬಿಸಿ ಬೆನ್ನಿಗೆ ಹರಿದು ತಣ್ಣಗಾಗುತ್ತದೆ, ತೆಳು ಅಲಗಿನಲ್ಲಿ ಹರಿಯೋಕೆ ಲೋಹವೇ ಇಲ್ಲ. ಆಮೇಲೆ ಎಷ್ಟು ಹರಿತ ಮಾಡಿದರೂ ಎರಡು ದಿನಕ್ಕೆ ಮೊಂಡು. ಕಮ್ಮಾರರ ಮನೆಯವರು ಯಾರಾದರೂ ಇದ್ದರೆ ಕೇಳಿ, ಇದನ್ನೇ ಹೇಳುತ್ತಾರೆ.

ಮನೆಯಲ್ಲೇ ಮಾಡಿಕೊಳ್ಳಿ, ಕಷ್ಟ ಇಲ್ಲ. ಎಸ್.ಜೆ.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಮುಖದ ಕಾರ್ಬೊರಂಡಂ ಕಲ್ಲು ಸಿಗುತ್ತದೆ, ಒಂದು ಕಡೆ ಒರಟು, ಒಂದು ಕಡೆ ನಯ. ಚಾಕು ತೀರಾ ಮೊಂಡಾಗಿಲ್ಲದಿದ್ದರೆ ನಯ ಮುಖ ಸಾಕು. ಎಷ್ಟು ಓರೆ ಹಿಡಿಯಬೇಕು ಅಂತ ಎಲ್ಲರಿಗೂ ಗೊಂದಲ. ಅಲಗಿನ ಅಗಲ ಒಂದೂವರೆ ಸೆಂಟಿಮೀಟರ್ ಇದ್ದರೆ ಬೆನ್ನಿನ ಕೆಳಗೆ ಮೂರು ಒಂದು ರೂಪಾಯಿ ನಾಣ್ಯ ಜೋಡಿಸಿದಷ್ಟು ಎತ್ತರ ಬರಲಿ. ಅದು ಸುಮಾರು 16, 17 ಡಿಗ್ರಿ. ಒಂದೆರಡು ಸಲ ನಾಣ್ಯ ಇಟ್ಟು ನೋಡಿ, ಆಮೇಲೆ ಕೈಗೇ ಗೊತ್ತಾಗುತ್ತದೆ. ನೀರು ಚಿಮುಕಿಸಿ, ಹಗುರವಾಗಿ ಉಜ್ಜಿ. ಒಂದು ಕಡೆ ಉಜ್ಜುತ್ತಾ ಹೋದರೆ ಇನ್ನೊಂದು ಕಡೆ ಬಾಯಿಯಲ್ಲಿ ಸಣ್ಣಗೆ ತರಿ ಏಳುತ್ತದೆ, ಉಗುರಿಗೆ ಸಿಗುತ್ತದೆ. ಅದು ಸಿಕ್ಕಿದ ಮೇಲೆ ತಿರುಗಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮುಖದ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಎಳೆಯಿರಿ.

ಕಲ್ಲು ಇಲ್ಲದವರು ಪಿಂಗಾಣಿ ಕಾಫಿ ಕಪ್ ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದೆ. ಅದರ ಮೇಲೆ ನಾಲ್ಕು ಎಳೆತ, ಟೊಮೇಟೊ ಕೊಯ್ಯುವಷ್ಟು ಹರಿತ ಬರುತ್ತದೆ. ಕಾಫಿ ಕುಡಿದಮೇಲೆ ಮಾಡಿ.

ಬಿಎಂಟಿಸಿ ಪ್ರಯಾಣಿಕ

"ಕಾಫಿ ಕುಡಿದಮೇಲೆ" 😄 ನಮ್ಮನೆಯಲ್ಲಿ ಆ ಕಪ್ಪಿನ ತಳ ಕಪ್ಪಗಾಗಿದೆ ಅಂತ ಇವಳು ಕೇಳಿದರೆ ಏನು ಹೇಳಲಿ?

ಸಾಣೆ ಪುರಾಣ

ಅದು ಸ್ಟೀಲಿನ ಪುಡಿ. ಪಾತ್ರೆ ಪೌಡರ್ ಹಾಕಿ ತಿಕ್ಕಿ, ಹೋಗುತ್ತದೆ. ಅವರು ನೋಡುವ ಮೊದಲು.

ಗಿಣಿಮೂತಿ

ನಾನು ಕಾರ್ಬನ್ ಸ್ಟೀಲ್ ಪಕ್ಷ. ಸ್ಟೇನ್‌ಲೆಸ್‌ಗಿಂತ ಬೇಗ ಸಾಣೆಗೆ ಬರುತ್ತದೆ, ನನಗೆ ಅಷ್ಟೇ ಸಾಕು. ಆದರೆ ಹುಳಿ ಕಂಡರೆ ಬಣ್ಣ ಬದಲಾಯಿಸುತ್ತದೆ. ನಿಂಬೆ, ಹುಣಸೆ, ಮಾವಿನ ಸೊನೆ, ಈರುಳ್ಳಿ, ಯಾವುದು ತಗುಲಿದರೂ ನೀಲಿ, ಬೂದು, ಕಪ್ಪು. ಅದು ಕೊಳೆ ಅಲ್ಲ, ಬಿಡಿ, ಆ ಪದರ ಕೂತಷ್ಟೂ ಕೆಂಪು ತುಕ್ಕು ಕಮ್ಮಿ. ಕೊಯ್ದ ತಕ್ಷಣ ಒರೆಸಿದರೆ ಸಾಕು.

ನನ್ನ ಚಾಕುವಿಗೆ ನಿಜವಾದ ತುಕ್ಕು ಹಿಡಿದಿದ್ದು ಒಂದೇ ಸಲ, ಆಯುಧಪೂಜೆಯಲ್ಲಿ. ಲ್ಯಾಪ್‌ಟಾಪ್, ಸ್ಕ್ರೂಡ್ರೈವರ್, ಬೈಕಿನ ಕೀ ಜೊತೆ ಇದನ್ನೂ ಇಟ್ಟೆವು. ಅಮ್ಮ ಅರಿಶಿನ ಕಲಸಿ ಅಲಗಿನ ಮೇಲೆ ಮೂರು ಬೊಟ್ಟು ಇಟ್ಟು, ಕುಂಕುಮ ಹಚ್ಚಿ, ಅಕ್ಷತೆ ಹಾಕಿದರು. ಅವತ್ತು ಆಯುಧ ಮುಟ್ಟೋ ಹಾಗಿಲ್ಲ. ಮಾರನೇ ದಿನ ತೆಗೆದು ಒರೆಸಿದರೆ ಮೂರು ಬೊಟ್ಟಿನ ಜಾಗದಲ್ಲಿ ಮೂರು ಗುಂಡನೆ ತುಕ್ಕು. ಎಷ್ಟು ಉಜ್ಜಿದರೂ ಗುರುತು ಹೋಗಿಲ್ಲ, ಈಗ ಅದೇ ಅದರ ಅಲಂಕಾರ. ಹೋದ ವರ್ಷದಿಂದ ಹಿಡಿಗೆ ಮಾತ್ರ ಬೊಟ್ಟು.

ಅಲಗು ಮಡಚುವ ಕೀಲಿಗೆ ಕೊಬ್ಬರಿಎಣ್ಣೆ ಬಿಡಬೇಡಿ ಅಂತಲೂ ಹೇಳುತ್ತೇನೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುತ್ತದಲ್ಲ, ಕೀಲಿನೊಳಗೂ ಅದೇ ಕಥೆ, ಆಮೇಲೆ ಧೂಳು ಸೇರಿ ಜಿಗಟು. ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು, ಅಷ್ಟೇ.

ಬಿಎಂಟಿಸಿ ಪ್ರಯಾಣಿಕ

ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ಅಲಗು ಹೊರಗೆ ಬರಲ್ಲ ಅಂತಾರಲ್ಲ, ನಿಜವಾ? ಜೂನ್‌ನಲ್ಲಿ ತಗೊಂಡು ಜುಲೈನಲ್ಲಿ ಒದ್ದಾಡೋದು ಬೇಡ.

ಹನುಮಂತನಗರದವ

ಮರ ಅಂದಮೇಲೆ ನೀರು ಕುಡಿಯುತ್ತದೆ. ಸಿಂಕಿನಲ್ಲಿ ನೆನೆಹಾಕಬೇಡಿ, ಬಟ್ಟೆಯಲ್ಲಿ ಒರೆಸಿ. ಬಿಗಿಯಾದರೆ ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿ, ಅಲಗು ಸ್ವಲ್ಪ ಮೇಲೆ ಬರುತ್ತದೆ, ಉಗುರಲ್ಲಿ ಹಿಡಿದು ಎಳೆಯಿರಿ. ಸವಾಯ್ ಕಡೆಯವರ ಹಳೇ ಉಪಾಯ ಇದು. ಇದೆಲ್ಲ ಬೇಡ ಅಂದರೆ ಎಂಟನೇ ಕ್ರಾಸ್ ಮೇಡಂ ಹತ್ತಿರ ಇರುವಂಥ ಅಲ್ಯೂಮಿನಿಯಂ ಹಿಡಿಯದ್ದು ತೆಗೆದುಕೊಳ್ಳಿ. ಇನ್ನೂ ಚಿಕ್ಕದು ಸಾಕು ಅಂದರೆ ಅದೇ ಕಂಪನಿಯ 58 ಮಿಲಿಮೀಟರಿನದು, ಕೀ ಗೊಂಚಲಿಗೆ ಹಾಕಬಹುದು, ಕತ್ತರಿಯೂ ಇರುತ್ತದೆ. ಅದರ ಅಲಗು ಮಾತ್ರ ತೀರಾ ಪುಟ್ಟದು, ಸೀಬೆಹಣ್ಣಿಗೆ ಸಾಲದು, ಹಾಲಿನ ಪ್ಯಾಕೆಟ್ಟಿಗೆ ಸಾಕು.

ಎಂಟನೇ ಕ್ರಾಸ್

ಯಾರಿಗಾದರೂ ಉಡುಗೊರೆ ಕೊಡುವುದಿದ್ದರೆ ಒಂದು ರೂಪಾಯಿ ಇಸ್ಕೊಳ್ಳಿ. ಚಾಕು ಪುಕ್ಕಟೆ ಕೊಟ್ಟರೆ ಸಂಬಂಧ ಕತ್ತರಿಸುತ್ತದೆ ಅಂತ ನಮ್ಮಮ್ಮ ತಮ್ಮನಿಗೆ ನನ್ನಿಂದ ಒಂದು ರೂಪಾಯಿ ಕೊಡಿಸಿದ್ದರು. ಕೈಯಿಂದ ಕೈಗೂ ಕೊಡಬಾರದು, ಕೆಳಗಿಟ್ಟು ತೆಗೆದುಕೊಳ್ಳಬೇಕು, ಉಪ್ಪು ಮೆಣಸಿನಕಾಯಿ ಹಾಗೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಕೆಳಗಿಟ್ಟರೆ ಬೆರಳಂತೂ ಉಳಿಯುತ್ತದೆ.

ಕಟ್ಟರ್ ಪಕ್ಷ

ಇಷ್ಟೆಲ್ಲ ಓದಿದಮೇಲೆ ಒಂದು ಪ್ರಶ್ನೆ. ತೆಳ್ಳಗಿರೋದೇ ಮೇಲು ಅಂತೀರಲ್ಲ, ಅದಕ್ಕೆ ನಿಮ್ಮ ಶೋಕಿ ಬಿಟ್ಟು ಬೇರೆ ಸಾಕ್ಷಿ ಏನಿದೆ? ಕೊಯ್ಯೋದನ್ನೇ ಕಸುಬು ಮಾಡಿಕೊಂಡವರು ಯಾರಾದರೂ ಇಂಥದ್ದು ಇಟ್ಟುಕೊಂಡಿದ್ದಾರಾ?

ಹನುಮಂತನಗರದವ

ಒಳ್ಳೆ ಪ್ರಶ್ನೆ. ಉತ್ತರ ಭಾನುವಾರ ಕೊಡುತ್ತೇನೆ, ತಲೆಯಲ್ಲಿ ಒಂದು ಯೋಚನೆ ಇದೆ.

ಹನುಮಂತನಗರದವ

ಭಾನುವಾರ ಬೆಳಗ್ಗೆ ಲಾಲ್‌ಬಾಗ್ ವಾಕಿಂಗ್ ಮುಗಿಸಿ ಗೇಟಿನ ಹೊರಗೆ ಗಿಣಿಮೂತಿ ಮಾವಿನಕಾಯಿ ಮಾರುವ ಅಮ್ಮನ ಗಾಡಿ ಹತ್ತಿರ ನಿಂತೆ. ಅವರ ಚಾಕು ನೋಡಿದ್ದೀರಾ? ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಅಲಗು ಮೊದಲು ಎರಡು ಬೆರಳು ಅಗಲ ಇತ್ತೋ ಏನೋ, ಸಾಣೆ ಹಿಡಿದೂ ಹಿಡಿದೂ ಈಗ ಒಂದು ಬೆರಳು. ಬಗ್ಗಿಸಿದರೆ ಬಗ್ಗುತ್ತದೆ. ಅದರಲ್ಲಿ ಮಾವಿನಕಾಯಿಗೆ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಗೀರು ಹಾಕಿ, ಹೂವಿನ ಹಾಗೆ ಬಿಡಿಸಿ, ಉಪ್ಪು ಖಾರ ಸವರಿ ಕೊಡುತ್ತಾರೆ. ಇಡೀ ಕೆಲಸಕ್ಕೆ ಅರ್ಧ ನಿಮಿಷ ಹಿಡಿಯೋದಿಲ್ಲ. ಪಕ್ಕದಲ್ಲಿ ಹೂವು ಕಟ್ಟುವವರು, ಆಚೆ ವೀಳ್ಯದೆಲೆ ತೊಟ್ಟು ತೆಗೆಯುವವರು, ಅವರ ಕೈಯಲ್ಲಿರೋದೂ ಅಷ್ಟೇ ತೆಳು.

ನನ್ನದನ್ನು ತೆಗೆದು ತೋರಿಸಿದೆ. "ಅಮ್ಮಾ, ಇದರಲ್ಲಿ ಒಂದು ಕೊಯ್ದು ನೋಡ್ತೀರಾ?" ಅಂದೆ. ಬಳೆ ತಿರುಗಿಸೋದು ಹೇಳಿಕೊಡುವ ಮೊದಲೇ ತಿರುಗಿಸಿದರು. ಬಾಯಿಯನ್ನು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡಿದರು. ಒಂದು ಕಾಯಿ ಕೊಯ್ದರು, ಸ್ವಲ್ಪ ನಿಧಾನ ಆಯಿತು, ನಾಲ್ಕನೇ ಗೀರಿನಲ್ಲಿ ಓಟೆಗೆ ತಗುಲಿ ನಿಂತಿತು.

"ಬಾಯಿ ಪರವಾಗಿಲ್ಲ, ಹಿಡಿ ಜಾರ್ತದೆ, ಟ್ಯೂಬ್ ಸುತ್ತಿ" ಅಂದರು. ಎರಡನೇ ಕಾಯಿಗೆ ತಮ್ಮದನ್ನೇ ತೆಗೆದುಕೊಂಡರು. ನನ್ನದನ್ನು ಸೆರಗಿನಲ್ಲಿ ಒರೆಸಿ, ಮಡಚಿ, ಕೈಗೆ ಕೊಡದೆ ಗಾಡಿಯ ಹಲಗೆ ಮೇಲೆ ಇಟ್ಟರು. ಎರಡಕ್ಕೂ ದುಡ್ಡು ತೆಗೆದುಕೊಂಡರು.

ಟ್ಯೂಬ್ ಹುಡುಕುತ್ತಾ ಇದ್ದೇನೆ. ಹನುಮಂತನಗರದಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಯಾವುದಾದರೂ ಉಳಿದಿದೆಯಾ?